ಗೇಟು ಎಣಿಸಿದೆಯಾ?

ನಾನು ಕೆಲಸಕ್ಕಿದ್ದ ಕನ್ನಡ ದಿನಪತ್ರಿಕೆಯಲ್ಲಿ ಓದುಗರ ಕಣ್ಣಿಗೆ ಬೀಳುವುದೆಲ್ಲ ಕನ್ನಡ, ಬೀಳದಿರುವುದೆಲ್ಲ ಇಂಗ್ಲಿಷ್. ಫೋಟೊ ಫೈಲುಗಳ ಹೆಸರು ಎರಡನೆಯ ಪಂಗಡಕ್ಕೆ ಸೇರಿದ್ದು. 2000ರ ದಶಕದ ನಡುಭಾಗ ಅದು. ಡೆಸ್ಕಿನಲ್ಲಿ ನುಡಿ, ಬರಹ ತಂತ್ರಾಂಶಗಳಲ್ಲಿ ಸುದ್ದಿ ಟೈಪಾಗುತ್ತಿತ್ತು. ಆಗ ನಾವು ಬಳಸುತ್ತಿದ್ದ ಫಾಂಟುಗಳು ಯೂನಿಕೋಡ್ ಅಲ್ಲ, ರೋಮನ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದಂಥವು. ಅಚ್ಚಿಗೆ ಅಷ್ಟು ಸಾಕು. ಅದೇ ಕೀಲಿಮಣೆಯಲ್ಲಿ ಫೈಲಿಗೆ ಹೆಸರು ಕೊಟ್ಟರೆ ಮಾತ್ರ ಫೋಲ್ಡರಿನಲ್ಲಿ ತಲೆಯ ಮೇಲೆ ಚುಕ್ಕಿ, ಟೋಪಿ ಹೊತ್ತ ಯುರೋಪಿನ ಅಕ್ಷರಗಳ ಸಾಲು ಕಾಣಿಸುತ್ತಿತ್ತು. ಹಾಗಾಗಿ ಹೆಸರೆಲ್ಲ ಇಂಗ್ಲಿಷ್ ಅಕ್ಷರದಲ್ಲಿ, ಅದೂ ಅವರವರ ಇಂಗ್ಲಿಷಿನಲ್ಲಿ. ‘ಅಪಘಾತ’ವನ್ನು ಒಬ್ಬ ಜಿಲ್ಲಾ ವರದಿಗಾರ ಒಂದು ‘ಎಚ್’ ಹಾಕಿ ಬರೆದರೆ ಇನ್ನೊಬ್ಬರು ಎರಡು ಹಾಕುತ್ತಿದ್ದರು, ಮೂರನೆಯವರು ಒಂದನ್ನೂ ಹಾಕುತ್ತಿರಲಿಲ್ಲ. ನಾಲ್ಕನೆಯವರು ‘ಆಕ್ಸಿಡೆಂಟ್’ ಎಂದು ಬರೆದು ಒಂದು ‘ಸಿ’ ಉಳಿತಾಯ ಮಾಡುತ್ತಿದ್ದರು.

ಕ್ಯಾಮೆರಾದಿಂದ ನೇರ ಇಳಿದ ಫೈಲಿಗೆ ಈ ಕಾಗುಣಿತದ ರಗಳೆ ಇಲ್ಲ, ಯಾಕೆಂದರೆ ಅದರ ಹೆಸರಿಗೆ ಅರ್ಥವೇ ಇಲ್ಲ. ನಿಕಾನ್ ಆದರೆ ಡಿಎಸ್‌ಸಿ, ಕೆನಾನ್ ಆದರೆ ಐಎಂಜಿ, ಆಮೇಲೊಂದು ಅಂಡರ್‌ಸ್ಕೋರ್, ನಾಲ್ಕು ಅಂಕಿ. 1998ರಲ್ಲಿ ಜಪಾನಿನಲ್ಲಿ ಡಿಜಿಟಲ್ ಕ್ಯಾಮೆರಾಗಳಿಗೆಂದು ಮಾಡಿದ ನಿಯಮ ಅದು. ಎಂಟೇ ಅಕ್ಷರ, ಕೊನೆಯ ನಾಲ್ಕು ಅಂಕಿ, ಅಂದರೆ ಡಾಸ್ ಕಾಲದ ಲೆಕ್ಕ. 9999 ಮುಟ್ಟಿದ ಮೇಲೆ ಎಣಿಕೆ ಮತ್ತೆ 0001ಕ್ಕೆ ಬರುತ್ತದೆ. ಚುನಾವಣೆ, ದಸರಾ, ಕ್ರಿಕೆಟ್ ಎಂದು ಅಲೆಯುವ ಪತ್ರಿಕಾ ಛಾಯಾಗ್ರಾಹಕರಿಗೆ ಹತ್ತು ಸಾವಿರ ಕ್ಲಿಕ್ಕು ಯಾವ ಲೆಕ್ಕ? ಒಬ್ಬರದೇ ಕ್ಯಾಮೆರಾದಲ್ಲಿ ಒಂದೇ ಹೆಸರಿನ ಚಿತ್ರ ವರ್ಷದೊಳಗೆ ಎರಡು ಮೂರು ಸಲ ಹುಟ್ಟುತ್ತಿತ್ತು. ಇಬ್ಬರು ಒಂದೇ ಸಂಜೆ ಒಂದೇ ಫೋಲ್ಡರಿಗೆ ಸುರಿದರಂತೂ ಕೇಳುವುದೇ ಬೇಡ. ‘ಇದೇ ಹೆಸರಿನ ಫೈಲು ಇದೆ, ಅದರ ಮೇಲೇ ಬರೆಯಲೇ?’ ಎಂದು ವಿಂಡೋಸ್ ಕೇಳುತ್ತಿತ್ತು. ಡೆಡ್‌ಲೈನ್ ಹೊತ್ತಿನಲ್ಲಿ ಅದನ್ನು ಓದುವವರು ಯಾರು?

ಇವಕ್ಕೆಲ್ಲ ನೆಟ್ಟಗೊಂದು ಹೆಸರಿಡುವುದು ಲೈಬ್ರರಿಯ ಮೇಡಂ ಕೆಲಸವಾಗಿತ್ತು. ಕಪ್ಪು-ಬಿಳುಪು ಪ್ರಿಂಟಿನ ಕಾಲದಿಂದ ಅಲ್ಲಿದ್ದವರು ಅವರು. ಅವರ ಬೆನ್ನ ಹಿಂದಿನ ಸ್ಟೀಲ್ ಬೀರುಗಳಲ್ಲಿ ಕಂದು ಲಕೋಟೆಗಳು, ಲಕೋಟೆಯ ಮೇಲೆ ಊರು, ವ್ಯಕ್ತಿ, ಸಂದರ್ಭ. ಪ್ರಿಂಟಿನ ಬೆನ್ನಿಗೆ ಪೆನ್ಸಿಲ್ಲಿನಲ್ಲಿ ತಾರೀಕು, ಎಷ್ಟು ಕಾಲಂ ಅಗಲಕ್ಕೆ ಬಳಸಿದ್ದು ಎಂಬ ಗುರುತು. ಕೆಲವು ಲಕೋಟೆಗಳ ಮೇಲೆ ‘ಮೈಸೂರು ರಾಜ್ಯ’ ಎಂದೇ ಇತ್ತು. 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದಾಗ ಯಾರೂ ಅವನ್ನು ತಿದ್ದಲು ಹೋಗಿರಲಿಲ್ಲ. ಈ ಮಾತು ಮುಂದೆ ಬೇಕಾಗುತ್ತದೆ.

ಸಂಜೆಯಾಗುತ್ತಲೇ ಚಿತ್ರಗಳು ಬರತೊಡಗುತ್ತಿದ್ದವು. ಮೇಡಂ ಒಂದೊಂದನ್ನೇ ತೆರೆದು, ಕನ್ನಡಕವನ್ನು ಹಣೆಗೇರಿಸಿ, ಪರದೆಗೆ ಮುಖ ಹತ್ತಿರ ತಂದು ನೋಡಿ, ಮುಚ್ಚಿ, ಎಫ್2 ಒತ್ತಿ, ಹೊಸ ಹೆಸರು ಟೈಪು ಮಾಡಿ, ಎಂಟರ್ ಹೊಡೆಯುತ್ತಿದ್ದರು. ಮತ್ತೆ ಮುಂದಿನದು. ದಸರಾ ಹೊತ್ತಿನಲ್ಲಿ ಈ ಕೆಲಸ ರಾತ್ರಿ ಹತ್ತಾದರೂ ಮುಗಿಯುತ್ತಿರಲಿಲ್ಲ. ನಾನು ಆಗ ಕಚೇರಿಯ ‘ಸಿಸ್ಟಂ ಹುಡುಗ’. ಪ್ರಿಂಟರಿನ ಕಾಗದ ಸಿಕ್ಕಿಕೊಂಡರೂ ನಾನೇ, ಸರ್ವರ್ ಮಲಗಿದರೂ ನಾನೇ. ಮುಖ್ಯ ಛಾಯಾಗ್ರಾಹಕರು ಒಂದು ದಿನ, “ಏನಪ್ಪಾ, ಇಷ್ಟೆಲ್ಲ ಕಂಪ್ಯೂಟರ್ ಗೊತ್ತು ಅಂತೀಯ, ಮೇಡಂಗೆ ಬೆರಳು ನೋವು ತಪ್ಪಿಸೋಕೆ ಏನೂ ಇಲ್ವಾ?” ಎಂದರು.

ಇತ್ತು. ಎಲ್ಲ ಫೈಲುಗಳನ್ನೂ ಒಟ್ಟಿಗೆ ಆರಿಸಿ ಎಫ್2 ಒತ್ತಿ ‘ದಸರಾ’ ಎಂದು ಬರೆದರೆ ವಿಂಡೋಸೇ ದಸರಾ 1, 2, 3 ಎಂದು ಆವರಣ ಚಿಹ್ನೆಯೊಳಗೆ ಅಂಕಿ ಹಾಕಿಕೊಡುತ್ತಿತ್ತು. ಇದು ಬೇಗ ಬೇಸರ ತರಿಸಿತು. ಫೋಲ್ಡರಿನಲ್ಲಿ ಒಂದಾದ ಮೇಲೆ ಎರಡು ಕಂಡರೂ ಡಾಸ್ ಕಿಟಕಿಯಲ್ಲಿ, ಹಳೆಯ ತಂತ್ರಾಂಶಗಳಲ್ಲಿ ಒಂದಾದ ಮೇಲೆ ಹತ್ತು, ಹನ್ನೊಂದು ಬಂದು, ಎರಡು ಎಲ್ಲೋ ಕೆಳಗೆ ಇರುತ್ತಿತ್ತು. ಮುಂದೆ ಸೊನ್ನೆ ಹಾಕಿ 001 ಎಂದೇ ಬರೆಯಬೇಕು. ತಾರೀಕಿಗೂ ಇದೇ ಕಥೆ. ನಮ್ಮ ರೂಢಿಯಂತೆ ದಿನ, ತಿಂಗಳು, ವರ್ಷ ಎಂದು ಬರೆದರೆ ಹನ್ನೆರಡೂ ತಿಂಗಳ ಒಂದನೇ ತಾರೀಕುಗಳು ಒಟ್ಟಿಗೆ ಸೇರಿ ಕೂರುತ್ತವೆ. ವರ್ಷ ಮೊದಲು ಬಂದರಷ್ಟೇ ಸಾಲು ನೆಟ್ಟಗಾಗುತ್ತದೆ. ಇದನ್ನು ಛಾಯಾಗ್ರಾಹಕರಿಗೆ ಒಪ್ಪಿಸಲು ಪಟ್ಟ ಪಾಡಿನ ಮುಂದೆ ಪ್ರೋಗ್ರಾಂ ಬರೆಯುವುದು ಏನೇನೂ ಅಲ್ಲ.

ಕೊನೆಗೆ ನಮಗೆ ಒದಗಿದ್ದು ಎಕ್ಸೆಲ್. ಡಾಸ್ ಕಿಟಕಿಯಲ್ಲಿ ‘ಡಿಐಆರ್’ ಆಜ್ಞೆಗೆ ಒಂದು ಓರೆಗೆರೆ, ಒಂದು ‘ಬಿ’ ಸೇರಿಸಿದರೆ ಫೋಲ್ಡರಿನಲ್ಲಿರುವ ಹೆಸರುಗಳಷ್ಟೇ ಸಾಲಿಗೊಂದರಂತೆ ಬರುತ್ತವೆ. ಅವನ್ನು ಒಂದು ಟೆಕ್ಸ್ಟ್ ಫೈಲಿಗೆ ಹರಿಸಿ, ಅಲ್ಲಿಂದ ಎತ್ತಿ ಎಕ್ಸೆಲ್ಲಿನ ಮೊದಲ ಕಾಲಂಗೆ ಅಂಟಿಸುವುದು. ಎರಡನೆಯ ಕಾಲಂನಲ್ಲಿ ಹೊಸ ಹೆಸರು. ಮೂರನೆಯದರಲ್ಲಿ ಒಂದು ಫಾರ್ಮುಲಾ: ಮೊದಲು ‘ರೆನ್’ ಎಂಬ ಆಜ್ಞೆ, ಆಮೇಲೆ ಕೋಟ್ ಚಿಹ್ನೆಗಳೊಳಗೆ ಹಳೆಯ ಹೆಸರು, ಮತ್ತೆ ಕೋಟ್ ಚಿಹ್ನೆಗಳೊಳಗೆ ಹೊಸದು. ಮೂಲೆ ಹಿಡಿದು ಕೆಳಗಿನವರೆಗೆ ಎಳೆದರೆ ಸಾವಿರ ಸಾಲಿನ ಆಜ್ಞಾಪತ್ರ ಸಿದ್ಧ. ನೋಟ್‌ಪ್ಯಾಡಿಗೆ ಹಾಕಿ ‘ಬ್ಯಾಟ್’ ಬಾಲದೊಂದಿಗೆ ಉಳಿಸಿ ಡಬಲ್ ಕ್ಲಿಕ್ ಮಾಡಿದರೆ ಕಪ್ಪು ಕಿಟಕಿಯೊಂದು ತೆರೆದು, ಸಾಲುಗಳು ಕಣ್ಣಿಗೆ ನಿಲುಕದಂತೆ ಮೇಲಕ್ಕೋಡಿ, ಮುಚ್ಚಿಕೊಳ್ಳುತ್ತದೆ. ಮುಖ್ಯ ಛಾಯಾಗ್ರಾಹಕರು ನೋಡುತ್ತ ನಿಂತಿದ್ದರು. “ಇಷ್ಟೇನಾ?” ಎಂದರು, ಸ್ವಲ್ಪ ನಿರಾಸೆಯಿಂದಲೇ.

ಇರ್ಫಾನ್‌ವ್ಯೂ, ಬಲ್ಕ್ ರೀನೇಮ್ ಯುಟಿಲಿಟಿ ಮುಂತಾದ ಸಿದ್ಧ ತಂತ್ರಾಂಶಗಳೂ ನಮ್ಮಲ್ಲಿದ್ದವು. ಎರಡನೆಯದರಲ್ಲಿ ಒಂದೇ ಪರದೆಯ ತುಂಬ ನಂಬರು ಹಾಕಿದ ಪೆಟ್ಟಿಗೆಗಳು, ನೋಡಿದರೇ ಮೇಡಂ ಕುರ್ಚಿ ಹಿಂದಕ್ಕೆ ಸರಿಸುತ್ತಿದ್ದರು. ಎಕ್ಸೆಲ್ ಅವರಿಗೆ ಗೊತ್ತಿತ್ತು. ಹಳೆಯ ಹೆಸರು, ಹೊಸ ಹೆಸರು ಪಕ್ಕಪಕ್ಕ ಕಾಣುತ್ತವೆ, ಪ್ರಿಂಟು ತೆಗೆದು ಪೆನ್ಸಿಲ್ ಹಿಡಿದು ನೋಡಬಹುದು. ಈ ಕಾಗದ ನೋಡುವ ಹಂತವೇ ನಮ್ಮನ್ನು ಬಹಳ ಸಲ ಕಾಪಾಡಿತು. ಆಜ್ಞೆಗೆ ಮೊದಲು ‘ಎಕೋ’ ಎಂದು ಸೇರಿಸಿದರೆ ಕಂಪ್ಯೂಟರ್ ಏನೂ ಮಾಡದೆ, ಏನು ಮಾಡಬೇಕಾಗಿದೆ ಎಂಬುದನ್ನು ಬರೆದಷ್ಟೇ ತೋರಿಸುತ್ತದೆ. ಅದನ್ನು ಓದದೆ ನಿಜವಾದ ಆಜ್ಞೆ ಓಡಿಸುವುದಿಲ್ಲ ಎಂದು ಗೋಡೆಗೆ ಚೀಟಿ ಅಂಟಿಸಿದ್ದೆವು.

ತಮಾಷೆಗಳೂ ನಡೆದವು. ಎಸ್‌ಎಸ್‌ಎಲ್‌ಸಿ ಫಲಿತಾಂಶದ ದಿನ ನೂರಕ್ಕೆ ನೂರು ತೆಗೆದ ಶಾಲೆಗಳ ಚಿತ್ರಗಳು ರಾಶಿ ರಾಶಿ ಬಂದವು, ಹೆಸರಿನಲ್ಲಿ ‘100%’ ಎಂದಿತ್ತು. ಮಿಕ್ಕ ಎಲ್ಲವೂ ಬದಲಾದವು, ಇವು ಮಾತ್ರ ಜಪ್ಪಯ್ಯ ಎನ್ನಲಿಲ್ಲ. ಬ್ಯಾಚ್ ಫೈಲಿನಲ್ಲಿ ಶೇಕಡಾ ಚಿಹ್ನೆಗೆ ಬೇರೆಯೇ ಕೆಲಸವಿದೆ. ಒಂಟಿಯಾಗಿ ಸಿಕ್ಕರೆ ಅದನ್ನು ನುಂಗಿಬಿಡುತ್ತದೆ, ಆಮೇಲೆ ಬರೀ ‘100’ ಎಂಬ ಫೈಲನ್ನು ಹುಡುಕಿ ಸಿಗಲಿಲ್ಲ ಎನ್ನುತ್ತದೆ. ಚಿಹ್ನೆಯನ್ನು ಎರಡೆರಡು ಸಲ ಬರೆದರೆ ಸರಿಹೋಗುತ್ತದೆ. ಹೊಸ ಹೆಸರಿನ ಫೈಲು ಆಗಲೇ ಇದ್ದರೆ ‘ರೆನ್’ ಕೊಡುತ್ತಿದ್ದ ದೂರೂ ಸೊಗಸಾಗಿತ್ತು: ಇದೇ ಹೆಸರಿನ ಫೈಲು ಈಗಾಗಲೇ ಇದೆ, ಇಲ್ಲವೇ ಫೈಲೇ ಸಿಗುತ್ತಿಲ್ಲ. ಇದೆಯೋ ಇಲ್ಲವೋ ಎಂದು ನಮ್ಮನ್ನೇ ಕೇಳುವ ಯಂತ್ರಕ್ಕೆ ಏನು ಹೇಳೋಣ!

ಚುನಾವಣೆ ಹೊತ್ತಿನಲ್ಲಿ ಇನ್ನೊಂದು. ಡೆಸ್ಕಿನವರು ಪಕ್ಷಗಳ ಚಿತ್ರಗಳಿಗೆ ಬಿಜೆಪಿ, ಜೆಡಿಎಸ್ ಎಂದು ಇಂಗ್ಲಿಷಿನ ಮೂರಕ್ಷರದ ಹೆಸರಿಡುತ್ತಿದ್ದರು. ಕಾಂಗ್ರೆಸ್ಸಿನದನ್ನು ಅದರ ಮೊದಲ ಮೂರು ಅಕ್ಷರಕ್ಕೆ ಇಳಿಸಿದರೆ ‘ಕಾನ್’. ಪುಟವಿನ್ಯಾಸದ ಮ್ಯಾಕ್ ಯಂತ್ರದಲ್ಲಿ ಆ ಹೆಸರು ಕೂರುತ್ತಿತ್ತು, ವಿಂಡೋಸಿಗೆ ತಂದರೆ ಕೂರುತ್ತಿರಲಿಲ್ಲ. “ಸಾಫ್ಟ್‌ವೇರಿನವರಿಗೂ ರಾಜಕೀಯ ಬಂತಾ?” ಎಂದು ರಾಜಕೀಯ ವರದಿಗಾರರು ನಕ್ಕರು. ಕಾರಣ ಹಳೆಯದು. ಡಾಸ್ ಕಾಲದಲ್ಲಿ ಆ ಮೂರು ಅಕ್ಷರವೆಂದರೆ ಕನ್ಸೋಲ್, ಅಂದರೆ ಕೀಲಿಮಣೆ ಮತ್ತು ಪರದೆ. ಪ್ರಿಂಟರಿಗೆ ಪಿಆರ್‌ಎನ್, ಏನೂ ಅಲ್ಲದ್ದಕ್ಕೆ ನಲ್. ಆ ಹೆಸರುಗಳನ್ನು ಮೈಕ್ರೊಸಾಫ್ಟ್ ಕಾದಿರಿಸಿಕೊಂಡಿತ್ತು, ಬಾಲಕ್ಕೆ ಜೆಪಿಜಿ ಸೇರಿಸಿದರೂ ಬಿಟ್ಟುಕೊಡುತ್ತಿರಲಿಲ್ಲ. ಆ ಪಕ್ಷಕ್ಕೆ ‘ಐಎನ್‌ಸಿ’ ಎಂದು ಪೂರ್ತಿ ಮರ್ಯಾದೆ ಕೊಟ್ಟ ಮೇಲೆ ಎಲ್ಲ ಸರಿಹೋಯಿತು.

ನಡುವೆ ಒಂದು ಚಿತ್ರ ಸೇರಿಸಬೇಕಾದಾಗ ಇನ್ನೊಂದು ಗಂಟು. ಐದನೆಯದನ್ನು ಆರು ಮಾಡಹೊರಟರೆ ಆರು ಈಗಾಗಲೇ ಇದೆ. ಹಿಂದಿನಿಂದ ಶುರುಮಾಡಿ ಕೊನೆಯದನ್ನು ಮೊದಲು ಸರಿಸಬೇಕು. ಎರಡರ ಹೆಸರು ಅದಲುಬದಲು ಮಾಡುವುದಾದರೆ ಒಂದಕ್ಕೆ ತಾತ್ಕಾಲಿಕ ಹೆಸರು ಕೊಡದೆ ಗತಿಯಿಲ್ಲ. ಹಾಲಿನ ಲೋಟಕ್ಕೆ ಮಜ್ಜಿಗೆ, ಮಜ್ಜಿಗೆಯ ಲೋಟಕ್ಕೆ ಹಾಲು ಹೊಯ್ಯಲು ಮೂರನೆಯ ಲೋಟ ಬೇಕಲ್ಲ, ಹಾಗೆ. ಮುಂದೆ ಪೈಥಾನ್ ಕಲಿತ ಮೇಲೆ ಇದೇ ಕೆಲಸ ಲಿನಕ್ಸ್ ಸರ್ವರಿನಲ್ಲಿ ಎಷ್ಟು ಅಪಾಯದ್ದೆಂದು ಗೊತ್ತಾಯಿತು. ವಿಂಡೋಸ್ ಆದರೆ ಆ ಹೆಸರು ಇದೆ ಎಂದು ತಡೆಯುತ್ತದೆ. ಲಿನಕ್ಸ್ ಏನೂ ಹೇಳದೆ ಹಳೆಯದರ ಮೇಲೆ ಹೊಸದನ್ನು ಇಟ್ಟು ಮುಂದೆ ಹೋಗುತ್ತದೆ. ಹಾಗಾಗಿ ಹೊಸ ಹೆಸರುಗಳ ಪಟ್ಟಿಯಲ್ಲಿ ಒಂದೇ ಹೆಸರು ಎರಡು ಸಲ ಬಂದಿದೆಯೇ ಎಂದು ನೋಡುವುದು ಮೊದಲ ಕೆಲಸವಾಯಿತು. ಇನ್ನೊಂದು ಕಟ್ಟುಪಾಡು ಪುಟಗಳದು. ಇನ್‌ಡಿಸೈನ್ ಪುಟದೊಳಗೆ ಸಾಮಾನ್ಯವಾಗಿ ಫೋಟೊ ಇರುವುದಿಲ್ಲ, ಅದರ ವಿಳಾಸ ಇರುತ್ತದೆ. ಫೋಟೊದ ಹೆಸರು ಬದಲಾಯಿತೋ, ಪುಟದಲ್ಲಿ ಕೆಂಪು ಪ್ರಶ್ನಾರ್ಥಕ ಚಿಹ್ನೆ ಏಳುತ್ತದೆ. ಸಿಟಿ ಎಡಿಷನ್ ಪ್ಲೇಟಿಗೆ ಹೋಗುವವರೆಗೆ ಅಂದಿನ ಫೋಲ್ಡರಿಗೆ ಕೈ ಹಾಕುವಂತಿರಲಿಲ್ಲ. ಹಾಗಾಗಿ ಹೆಸರು ಬದಲಿಸುವ ನಮ್ಮ ಸ್ಕ್ರಿಪ್ಟು ನಸುಕಿನಲ್ಲಿ ಓಡುತ್ತಿತ್ತು.

ಇಷ್ಟು ಹೊತ್ತಿಗೆ ಮೇಡಂ ಬೆರಳುನೋವು ಕಡಿಮೆಯಾಗಿತ್ತು, ತಕರಾರು ಜಾಸ್ತಿಯಾಗಿತ್ತು. ಒಂದು ಮಳೆಗಾಲ. ಅಣೆಕಟ್ಟು ತುಂಬಿದ ಚಿತ್ರ ಕನ್ನಡ ಪತ್ರಿಕೆಗೆ ವರ್ಷ ವರ್ಷ ಬೇಕೇ ಬೇಕು. ಹೊಸಪೇಟೆಯಿಂದ ಬಂದ ಫೋಲ್ಡರಿನ ಪಟ್ಟಿಯನ್ನು ಸ್ಕ್ರಿಪ್ಟು ತಯಾರಿಸಿತ್ತು. ತಾರೀಕು, ಹೊಸಪೇಟೆ, ಡ್ಯಾಂ, ಸಂಖ್ಯೆ. ಮೇಡಂ ಕಾಗದ ಬದಿಗಿಟ್ಟು ಚಿತ್ರವನ್ನೇ ತೆರೆದರು.

“ಇದು ಯಾವ ಡ್ಯಾಮು?”

“ಟಿ.ಬಿ. ಡ್ಯಾಂ ಮೇಡಂ. ಹೊಸಪೇಟೆಯಿಂದ ಬಂದಿದೆಯಲ್ಲ.”

“ಗೇಟು ಎಣಿಸಿದೆಯಾ?”

ಎಣಿಸಿದೆವು. ಪರದೆಯ ಮೇಲೆ ಪೆನ್ಸಿಲ್ಲಿನ ಹಿಂಬದಿ ಇಟ್ಟು ಎಡದಿಂದ ಬಲಕ್ಕೆ ಅವರೇ ಎಣಿಸಿದರು. ತುಂಗಭದ್ರಾ ಅಣೆಕಟ್ಟೆಗೆ 33 ಕ್ರಸ್ಟ್ ಗೇಟುಗಳು, ಆಲಮಟ್ಟಿಗೆ 26, ಲಿಂಗನಮಕ್ಕಿಗೆ 11. ಚಿತ್ರದಲ್ಲಿ ಈ ದಡದಿಂದ ಆ ದಡದವರೆಗೆ 26 ಇದ್ದವು. ಹೊಸಪೇಟೆಯ ವರದಿಗಾರರು ಕೃಷ್ಣಾ ಮೇಲ್ದಂಡೆ ಯೋಜನೆಯ ಸುದ್ದಿಗೆ ಬೇಕಾದೀತೆಂದು ತಮ್ಮ ಸಂಗ್ರಹದ ಆಲಮಟ್ಟಿ ಚಿತ್ರವನ್ನೂ ಅದೇ ಕಂತಿನಲ್ಲಿ ಕಳಿಸಿದ್ದರು. ಸ್ಕ್ರಿಪ್ಟಿಗೆ ಅದು ಎಲ್ಲಿಂದ ಬಂತೆಂದಷ್ಟೇ ಗೊತ್ತು, ಒಳಗೆ ಏನಿದೆಯೆಂದು ಗೊತ್ತಿಲ್ಲ. ಕೃಷ್ಣಾ ಅಣೆಕಟ್ಟೆಗೆ ತುಂಗಭದ್ರೆಯ ಹೆಸರಿಟ್ಟು ಶಾಶ್ವತವಾಗಿ ಬೀರು ಸೇರಿಸಲು ಅದಕ್ಕೆ ಯಾವ ಅಡ್ಡಿಯೂ ಇರಲಿಲ್ಲ. ಆ ಚಿತ್ರ ಹತ್ತು ವರ್ಷದ ಮೇಲೆ ಯಾವುದೋ ರಾತ್ರಿ ಮುಖಪುಟಕ್ಕೆ ‘ಸಂಗ್ರಹ ಚಿತ್ರ’ವಾಗಿ ಬಂದಾಗ ಹೊಸಪೇಟೆಯ ಓದುಗರು ಸುಮ್ಮನಿರುತ್ತಿದ್ದರೇ?

ಆ ದಿನದಿಂದ ಮೇಡಂ ಒಂದು ಷರತ್ತು ಹಾಕಿದರು: “ತಾರೀಕು, ನಂಬರು, ಫೋಟೊಗ್ರಾಫರ್ ಹೆಸರು ನಿನ್ನ ಮಿಷನ್ ಹಾಕಲಿ. ಊರು, ಮನುಷ್ಯರ ಹೆಸರು ನಾನೇ ಹಾಕ್ತೀನಿ.” ಮುಖ್ಯ ಛಾಯಾಗ್ರಾಹಕರಿಗೆ ಇದು ರುಚಿಸಲಿಲ್ಲ. “ಪೂರ್ತಿ ಆಟೊಮ್ಯಾಟಿಕ್ ಅಂದಿದ್ಯಲ್ಲಪ್ಪಾ” ಎಂದು ನನ್ನ ಕಡೆ ತಿರುಗಿದರು. ನಾನು ಮೇಡಂ ಪಕ್ಷ. ಎಫ್2 ಒತ್ತುವ ಕೆಲಸ ಎಷ್ಟೇ ದಂಡದ್ದಾಗಿರಲಿ, ಅದರ ನೆಪದಲ್ಲಿ ಕಚೇರಿಗೆ ಬಂದ ಪ್ರತಿ ಚಿತ್ರವನ್ನೂ ಒಬ್ಬರಾದರೂ ಕಣ್ಣಿಟ್ಟು ನೋಡುತ್ತಿದ್ದರು. ಛಾಯಾಗ್ರಾಹಕ ತಾನು ಆರಿಸಿದ್ದನ್ನು ಮಾತ್ರ ನೋಡುತ್ತಾನೆ, ಉಪಸಂಪಾದಕ ಪುಟಕ್ಕೆ ಬೇಕಾದ್ದನ್ನು ಮಾತ್ರ. ಮಿಕ್ಕ ನೂರಾರು ಚಿತ್ರಗಳನ್ನು ನೋಡುವುದಕ್ಕೆಂದು ಪತ್ರಿಕೆ ಸಂಬಳ ಕೊಡುತ್ತಿರಲಿಲ್ಲ, ಹೆಸರಿಡುವುದಕ್ಕೆ ಕೊಡುತ್ತಿತ್ತು. ಆ ನೋಟ ಪುಕ್ಕಟೆ ಸಿಗುತ್ತಿತ್ತು. ಹೆಸರಿಡುವುದನ್ನು ಯಂತ್ರಕ್ಕೆ ಒಪ್ಪಿಸಿದರೆ ಉಳಿಯುವ ಸಮಯ ಲೆಕ್ಕಕ್ಕೆ ಸಿಗುತ್ತದೆ, ಜೊತೆಗೆ ಹೋಗುವ ನೋಟ ಯಾವ ವರದಿಯಲ್ಲೂ ಕಾಣುವುದಿಲ್ಲ. ಆದ್ದರಿಂದ ಸ್ಕ್ರಿಪ್ಟನ್ನು ಬದಲಿಸಿ, ಪ್ರತಿ ಕಂತಿನ ಸಣ್ಣ ಚಿತ್ರಗಳನ್ನು ಒಂದೇ ಹಾಳೆಯಲ್ಲಿ ತೋರಿಸಿ, ಊರಿನ ಜಾಗ ಖಾಲಿ ಬಿಟ್ಟು ಕಾಯುವಂತೆ ಮಾಡಿದೆ. ತುಂಬದಿದ್ದರೆ ಮುಂದಕ್ಕೆ ಹೋಗುವುದಿಲ್ಲ.

ತಾರೀಕನ್ನು ಯಂತ್ರಕ್ಕೆ ಒಪ್ಪಿಸಿದ್ದೂ ಪೂರ್ತಿ ನೆಮ್ಮದಿಯಲ್ಲ. ಕ್ಯಾಮೆರಾ ಪ್ರತಿ ಚಿತ್ರದೊಳಗೆ ದಿನ, ಗಂಟೆ, ನಿಮಿಷ ಬರೆದಿಡುತ್ತದೆ, ಅದನ್ನು ಓದಿಕೊಳ್ಳಬಹುದು. ಆದರೆ ಅಂಕಿಗಳ ನಡುವೆ ಅದು ಹಾಕುವ ಎರಡು ಚುಕ್ಕಿಯ ಗುರುತು ವಿಂಡೋಸ್ ಹೆಸರಿನಲ್ಲಿ ನಿಷಿದ್ಧ, ತೆಗೆಯಬೇಕು. ಕ್ಯಾಮೆರಾದ ಒಳಗಿನ ಸಣ್ಣ ಬ್ಯಾಟರಿ ಸತ್ತರೆ ಗಡಿಯಾರ ಹುಟ್ಟಿದ ದಿನಕ್ಕೆ ಹೋಗಿಬಿಡುತ್ತದೆ. ಗಡಿಯಾರ ಸರಿಮಾಡದ ಒಬ್ಬರ ಕಂತಿನಲ್ಲಿ ಅಂದಿನ ಮುಖ್ಯಮಂತ್ರಿಯವರು ಆ ಹುದ್ದೆಗೆ ಬರುವ ಎಷ್ಟೋ ವರ್ಷ ಮೊದಲೇ ಧ್ವಜ ಹಾರಿಸಿದ್ದರು.

ಹೀಗೆ ನಡೆಯುತ್ತಿದ್ದಾಗ 2014ರ ನವೆಂಬರ್ 1 ಬಂತು. ಬೆಂಗಳೂರು ಸೇರಿ 12 ನಗರಗಳ ಇಂಗ್ಲಿಷ್ ಹೆಸರು ಅಂದು ಬದಲಾಯಿತು. ಸುವರ್ಣ ಕರ್ನಾಟಕದ ಹೊತ್ತಿಗೆ ಯು.ಆರ್. ಅನಂತಮೂರ್ತಿ ಮುಂದಿಟ್ಟಿದ್ದ ಬೇಡಿಕೆ ಅದು. ಕೇಂದ್ರದ ಒಪ್ಪಿಗೆ ಬರುವ ಹೊತ್ತಿಗೆ ಅವರು ಇರಲಿಲ್ಲ, ಅದೇ ವರ್ಷ ಆಗಸ್ಟ್ 22ರಂದು ತೀರಿಕೊಂಡಿದ್ದರು. ಕನ್ನಡ ಪತ್ರಿಕೆಯ ಓದುಗರಿಗೆ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ನಾವು ಎಂದೂ ಬ್ಯಾಂಗಲೋರ್ ಎಂದಾಗಲಿ, ಶಿಮೋಗಾ ಎಂದಾಗಲಿ ಅಚ್ಚು ಹಾಕಿದವರಲ್ಲ. ಗುಲ್ಬರ್ಗ ಕಲಬುರಗಿಯಾದದ್ದು, ಬಿಜಾಪುರ ವಿಜಯಪುರವಾದದ್ದು ಮಾತ್ರ ಪುಟದಲ್ಲಿ ಕಂಡಿತು. ಅಂದರೆ ಆ ರಾತ್ರಿ ನಮ್ಮ ಪತ್ರಿಕೆಯಲ್ಲಿ ಹೆಸರು ಬದಲಾವಣೆಯ ಬಿಸಿ ನಿಜವಾಗಿ ತಟ್ಟಿದ್ದು ಓದುಗರ ಕಣ್ಣಿಗೆ ಬೀಳದ ಫೋಟೊ ಲೈಬ್ರರಿಗೆ.

“ಬ್ಯಾಂಗಲೋರ್ ಇರೋ ಕಡೆಯೆಲ್ಲ ಬೆಂಗಳೂರು ಅಂತ ಮಾಡಿಬಿಡು, ಒಂದು ಕ್ಲಿಕ್ಕು ತಾನೇ” ಎಂಬ ಆದೇಶ ಮೇಲಿನಿಂದ ಬಂತು. ಒಂದು ಕ್ಲಿಕ್ಕೇ ನಿಜ. ಆದರೆ ಬ್ಯಾಂಗಲೋರ್ ಎಂಬುದು ಇಂಗ್ಲಿಷಿನಲ್ಲಿ ಒಂಬತ್ತು ಅಕ್ಷರ. ಎಂಟೇ ಅಕ್ಷರದ ಕಾಲದ ಸಿ.ಡಿ.ಗಳಲ್ಲಿ ಅದನ್ನು ಒಬ್ಬೊಬ್ಬರು ಒಂದೊಂದು ಕಡೆ ಕತ್ತರಿಸಿದ್ದರು. ಬಿ-ಲೋರ್, ಬಿಎಲ್‌ಆರ್, ಸ್ವರಗಳನ್ನೆಲ್ಲ ಕಿತ್ತ ಬಿಎನ್‌ಜಿಎಲ್‌ಆರ್. ಇವನ್ನೆಲ್ಲ ಪಟ್ಟಿ ಮಾಡಿ, ಎಕೋ ಹಾಕಿ ಓಡಿಸಿ, ಪ್ರಿಂಟು ತೆಗೆದು ಮೇಡಂ ಮುಂದಿಟ್ಟೆ. ಅವರ ಪೆನ್ಸಿಲ್ಲು ನಿಂತ ಕಡೆಗಳು ಇನ್ನೂ ನೆನಪಿವೆ. ಮೈಸೋರ್ ಇದ್ದಲ್ಲೆಲ್ಲ ಮೈಸೂರು ಬಂದಿತ್ತು. ಹಾಗಾಗಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು, ಮೈಸೂರು ಸ್ಯಾಂಡಲ್ ಸೋಪ್. ಆ ಬ್ಯಾಂಕು ಆಗ ಇನ್ನೂ ಇತ್ತು, 2017ರಲ್ಲಿ ವಿಲೀನವಾಗುವವರೆಗೂ ತನ್ನ ಹಳೆಯ ಇಂಗ್ಲಿಷ್ ಕಾಗುಣಿತವನ್ನೇ ಇಟ್ಟುಕೊಂಡಿತ್ತು. ಸಾಬೂನಿಗೂ ಹೊಸ ಹೆಸರು ಬಂದಿರಲಿಲ್ಲ. ಬೆಂಗಳೂರಿನ ಬೆಲ್ಲಾರಿ ರೋಡಿನ ಹೆಬ್ಬಾಳ ಮೇಲ್ಸೇತುವೆಯ ಟ್ರಾಫಿಕ್ ಜಾಮ್ ಚಿತ್ರಗಳು ಬಳ್ಳಾರಿ ನಗರಕ್ಕೆ ಹೋಗಿದ್ದವು. ಎಲ್ಲಕ್ಕಿಂತ ಮಿಗಿಲಾದದ್ದು ಬಿಜಾಪುರ. ಸಿಆರ್‌ಪಿಎಫ್ ಜವಾನರ ಮೃತದೇಹಗಳನ್ನು ಹೊತ್ತು ತರುವ ಏಜೆನ್ಸಿ ಚಿತ್ರಗಳ ಕಂತೊಂದಕ್ಕೆ ವಿಜಯಪುರ ಎಂದು ಬಂದಿತ್ತು. ಅದು ಛತ್ತೀಸಗಢದ ಬಿಜಾಪುರ. ಇನ್ನು ನಮ್ಮಲ್ಲೇ ದೇವನಹಳ್ಳಿ ತಾಲ್ಲೂಕಿನಲ್ಲಿ ಮೊದಲಿಂದಲೂ ಒಂದು ವಿಜಯಪುರ ಇದೆ. ಅದರ ಚಿತ್ರಗಳು ಗೋಳಗುಮ್ಮಟದ ಪಕ್ಕಕ್ಕೆ ಬಂದು ಕೂರಲು ತಯಾರಾಗಿದ್ದವು.

ಮೇಡಂ ಅಷ್ಟಕ್ಕೇ ನಿಲ್ಲಲಿಲ್ಲ. ಬದಲಿಸುವುದೇ ಬೇಡ ಎಂದರು. ಎದ್ದು ಹೋಗಿ ಬೀರುವಿನಿಂದ ‘ಮೈಸೂರು ರಾಜ್ಯ’ದ ಲಕೋಟೆ ತಂದು ಮೇಜಿನ ಮೇಲೆ ಹಾಕಿದರು. ತೆಗೆದ ದಿನ ಊರಿಗೆ ಯಾವ ಹೆಸರಿತ್ತೋ ಫೋಟೊಗೂ ಅದೇ ಇರಬೇಕು ಎಂಬುದು ಅವರ ವಾದ. ಡೆಸ್ಕಿನ ವಾದ ಬೇರೆ: ನಾಳೆ ಸೇರುವ ಹುಡುಗ ಕಲಬುರಗಿ ಎಂದು ಹುಡುಕಿದರೆ 1999ರ ಗುಲ್ಬರ್ಗದ ಚಿತ್ರ ಸಿಗುವುದು ಬೇಡವೇ? ಇಬ್ಬರ ಮಾತಿನಲ್ಲೂ ಹುರುಳಿತ್ತು. ಹೆಸರು ಬದಲಿಸುವ ಆಜ್ಞೆ ಕ್ಷಣದಲ್ಲಿ ಮುಗಿಯುವಂಥದು, ಈ ಚರ್ಚೆ ಮಾತ್ರ ಚಳಿಗಾಲ ಕಳೆದರೂ ಮುಗಿಯಲಿಲ್ಲ.

ದಾರಿ ತೋರಿಸಿದವರು ಅಪರಾಧ ವರದಿಗಾರರು. ದಿನವೂ ಗಾಡಿ ನಂಬರು ಬರೆಯುವವರು. “ಊರಿನ ಹೆಸರು ಬದಲಾದರೂ ನಂಬರ್ ಪ್ಲೇಟ್ ಬದಲಾಗಿಲ್ಲವಲ್ರೀ” ಎಂದರು. ಮೈಸೂರು 09, ವಿಜಯಪುರ 28, ಕಲಬುರಗಿ 32, ಬೆಳಗಾವಿ 22, ಶಿವಮೊಗ್ಗ 14, ಮಂಗಳೂರು 19, ಬಳ್ಳಾರಿ 34, ಹೊಸಪೇಟೆ 35. ಡೆಸ್ಕಿನಲ್ಲಿ ಕೂತ ಯಾರನ್ನು ಕೇಳಿದರೂ ಬಾಯಿಪಾಠ. ಫೈಲಿನ ಹೆಸರಿನಲ್ಲಿ ಊರನ್ನು ಬರೆಯುವ ಬದಲು ಆರ್‌ಟಿಒ ಸಂಖ್ಯೆ ಬರೆಯುವುದು, ಊರಿನ ಹಳೆಯ ಹೊಸ ಹೆಸರುಗಳನ್ನೆಲ್ಲ ಬೇರೊಂದು ಕೋಷ್ಟಕದಲ್ಲಿ ಆ ಸಂಖ್ಯೆಯ ಎದುರು ಇಟ್ಟುಕೊಳ್ಳುವುದು. ಗುಲ್ಬರ್ಗ ಎಂದು ಹುಡುಕಿದರೂ ಕಲಬುರಗಿ ಎಂದು ಹುಡುಕಿದರೂ 32. ಛತ್ತೀಸಗಢಕ್ಕೆ ಸಿಜಿ ಎಂಬ ಬೇರೆಯೇ ಅಕ್ಷರ. ಒಂದೇ ಊರಿಗೆ ಎರಡು ಮೂರು ಆರ್‌ಟಿಒ ಇದ್ದರೆ ಹಳೆಯದೇ ನಮ್ಮದು ಎಂದು ಒಪ್ಪಿದೆವು. ಮೇಡಂ ಕೂಡ ತಲೆಯಾಡಿಸಿದರು. ಹಳೆಯ ಹೆಸರನ್ನು ಯಾರೂ ಅಳಿಸುತ್ತಿಲ್ಲ ಎಂಬುದಷ್ಟೇ ಅವರಿಗೆ ಬೇಕಿತ್ತು. ಹಳೆಯ ಹೆಸರು, ಹೊಸ ಹೆಸರು ಎರಡನ್ನೂ ಹಿಡಿದ ಎಕ್ಸೆಲ್ ಹಾಳೆಗಳನ್ನು ಒಂದನ್ನೂ ಬಿಸಾಡದೆ ಉಳಿಸಿದೆವು. ಹಳೆಯ ಪೇಜ್‌ಮೇಕರ್ ಪುಟ ತೆರೆದರೆ ಅದು ಇಂದಿಗೂ ಹಳೆಯ ಹೆಸರಿನಲ್ಲೇ ಚಿತ್ರವನ್ನು ಕರೆಯುತ್ತದೆ.

ಡಿಜಿಟಲ್ ಆವೃತ್ತಿ ಬೆಳೆದಂತೆ ಫೈಲುಗಳಿಗೂ ಕನ್ನಡದ ಹೆಸರು ಬಂತು. ಯೂನಿಕೋಡ್ ನೆಲೆಯೂರಿತ್ತು. ಈಗ ಹೊಸ ಬಗೆಯ ಪೇಚು. ಡಾ. ರಾಜ್‌ಕುಮಾರ್ ಅವರ ಹೆಸರಿನ ಎರಡು ಫೋಲ್ಡರು ಪಕ್ಕಪಕ್ಕ, ಎಷ್ಟು ದಿಟ್ಟಿಸಿದರೂ ಒಂದೇ ಹೆಸರು. ಒಂದೇ ಹೆಸರಿನ ಎರಡನ್ನು ಕಂಪ್ಯೂಟರ್ ಬಿಡುವುದಿಲ್ಲವಲ್ಲ? ಅಕ್ಷರ ಅಕ್ಷರ ಬಿಡಿಸಿ ನೋಡಿದಾಗ ಒಂದರ ಕೊನೆಯ ‘ರ್’ ಆದ ಮೇಲೆ ಕಣ್ಣಿಗೆ ಕಾಣದ, ಅಗಲವೇ ಇಲ್ಲದ ಒಂದು ಅಕ್ಷರ ಕೂತಿತ್ತು. ಮುಂದಿನ ವ್ಯಂಜನ ಒತ್ತಕ್ಷರವಾಗದಂತೆ ತಡೆಯಲು ಇರುವ ಅಕ್ಷರ ಅದು. ‘ರಾಜ್‌’ ಆದ ಮೇಲೆ ಅದು ಬೇಕು, ಇಲ್ಲದಿದ್ದರೆ ‘ಜ್ಕು’ ಆಗುತ್ತದೆ. ಪದದ ಕೊನೆಯಲ್ಲಿ ಅದಕ್ಕೆ ಕೆಲಸವೇ ಇಲ್ಲ. ಹಳೆಯ ಫಾಂಟಿನಿಂದ ಪರಿವರ್ತಿಸಿದ ಪಠ್ಯದಲ್ಲಿ ಅರ್ಧಾಕ್ಷರ ಕಂಡ ಕಡೆಯೆಲ್ಲ ಅಂಟಿಕೊಂಡು ಬಂದಿತ್ತು. ಮ್ಯಾಕ್ ಇನ್ನೊಂದು ಅವತಾರ ತೋರಿಸಿತು. ‘ಬೀದರ್’ ಎಂದು ಉಳಿಸಿದರೆ ವಿಂಡೋಸಿನಲ್ಲಿ ‘ಬ’ಕ್ಕೆ ದೀರ್ಘದ ಗುಡಿಸು ಒಂದೇ ಸಂಕೇತ. ಮ್ಯಾಕಿನ ಆಗಿನ ಡಿಸ್ಕುಗಳಲ್ಲಿ ಗುಡಿಸು ಬೇರೆ, ದೀರ್ಘ ಬೇರೆ, ಎರಡು ಸಂಕೇತ. ಹುಡುಕಿದರೆ ಒಂದು ಸಿಗುತ್ತದೆ, ಇನ್ನೊಂದು ಸಿಗುವುದಿಲ್ಲ. ಒಡೆದದ್ದನ್ನು ಕೂಡಿಸಿ, ಕಾಣದ್ದನ್ನು ಕಿತ್ತುಹಾಕುವ ನಾಲ್ಕು ಸಾಲು ಬರೆದು ಸ್ಕ್ರಿಪ್ಟಿನ ತಲೆಯಲ್ಲಿ ಕೂರಿಸಿದೆ. ಇದು ಮಾತ್ರ ಮನುಷ್ಯರ ಕಣ್ಣಿನಿಂದ ಆಗದ ಕೆಲಸ, ಮೇಡಂ ಪೆನ್ಸಿಲ್ಲಿಗೂ ಸಿಗುವಂಥದ್ದಲ್ಲ. ಉದ್ದ ಹೆಸರಿಗೆ ಇನ್ನೊಂದು ಬೇಲಿ: ಲಿನಕ್ಸ್ ಸರ್ವರು ಒಂದು ಹೆಸರಿಗೆ 255 ಬೈಟು ಕೊಡುತ್ತದೆ, ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟು, ಅಂದರೆ 85ಕ್ಕೆ ಮುಗಿಯಿತು. ಗುಡಿಸು, ಕೊಂಬು, ಒತ್ತು ಎಲ್ಲವೂ ಆ ಲೆಕ್ಕದೊಳಗೆ. ಸನ್ಮಾನ ಸಮಾರಂಭಗಳ ಚಿತ್ರಕ್ಕೆ ಗಣ್ಯರ ಪಟ್ಟಿಯನ್ನೇ ಹೆಸರಾಗಿಸುತ್ತಿದ್ದ ವರದಿಗಾರರಿಗೆ ಇದನ್ನು ವಿವರಿಸುವ ಹೊಣೆ ನನ್ನ ಮೇಲೇ ಬಿತ್ತು.

ಮೇಡಂ ನಿವೃತ್ತರಾದ ಮೇಲೆ ಊರಿನ ಕಾಲಂ ತುಂಬುವವರು ಬದಲಾಗುತ್ತ ಹೋದರು. ಚಿತ್ರಗಳು ವಾಟ್ಸ್‌ಆ್ಯಪಿನಲ್ಲಿ ಬರತೊಡಗಿದವು. ಅದು ಹೆಸರನ್ನೂ ತಾನೇ ಇಡುತ್ತದೆ, ಕ್ಯಾಮೆರಾ ಒಳಗೆ ಬರೆದಿಟ್ಟ ದಿನ ಗಂಟೆಗಳನ್ನೂ ಒರೆಸಿಬಿಡುತ್ತದೆ. ಹೆಸರಿನಲ್ಲಿರುವ ತಾರೀಕು ಚಿತ್ರ ಫೋನಿಗೆ ಬಂದ ದಿನದ್ದು, ತೆಗೆದ ದಿನದ್ದಲ್ಲ. ಕಳೆದ ವರ್ಷದ ಪ್ರವಾಹದ ಚಿತ್ರ ಇಂದು ತಿರುಗಿ ಬಂದರೆ ಇಂದಿನದೇ. ಆ ಹೊತ್ತಿಗೆ ನಾನೂ ಅಲ್ಲಿಂದ ಹೊರಬಿದ್ದಿದ್ದೆ.

2025ರ ಮೇ ತಿಂಗಳಲ್ಲಿ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಡಲು ಸಚಿವ ಸಂಪುಟ ತೀರ್ಮಾನಿಸಿತು. ಅದಾಗಿ ಸ್ವಲ್ಪ ದಿನಕ್ಕೆ ಲೈಬ್ರರಿಯಲ್ಲಿ ಈಗಿರುವ ಹುಡುಗಿ ಫೋನ್ ಮಾಡಿದಳು. “ಸಾರ್, ನಿಮ್ಮ ಆ ಕೋಷ್ಟಕ ಇನ್ನೂ ಓಡ್ತಿದೆ. ಬೆಂಗಳೂರು ದಕ್ಷಿಣ ಅಂತ ಸೇರಿಸೋಕೆ ಹೋದರೆ ಆಗಲೇ ಇದೆ ಅಂತಿದೆ.” ಇರದೆ ಏನು? ಜಯನಗರದ ಆರ್‌ಟಿಒ ಬೆಂಗಳೂರು ದಕ್ಷಿಣ, ಅದು 05. ಬೆಂಗಳೂರು ದಕ್ಷಿಣ ಎಂಬ ಲೋಕಸಭಾ ಕ್ಷೇತ್ರವಿದೆ, ಅದೇ ಹೆಸರಿನ ತಾಲ್ಲೂಕೂ ಇದೆ. ರಾಮನಗರ 42. ಹಾಗೇ ಬಿಟ್ಟರೆ ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ಹೋಗಿ ಜಯನಗರದ ನಾಲ್ಕನೇ ಬ್ಲಾಕಿನಲ್ಲಿ ಕೂರುತ್ತದೆ.

“42ನ್ನು ಮುಟ್ಟಬೇಡಮ್ಮ” ಎಂದೆ. “ಬೆಂಗಳೂರು ದಕ್ಷಿಣ ಅಂತ ಬಂದಾಗ 05 ಬೇಕಾ 42 ಬೇಕಾ ಅಂತ ಸ್ಕ್ರಿಪ್ಟು ನಿಂತು ಕೇಳಲಿ. ಚಿತ್ರ ತೆರೆದು ನೋಡಿ ನೀನೇ ಒತ್ತು.”

“ದಿನಾ ಅಷ್ಟೊಂದು ಯಾರು ಸಾರ್ ತೆರೆದು ನೋಡ್ತಾರೆ?”

ಅವಳಿಗೆ ಮೇಡಂ ನಂಬರು ಕೊಟ್ಟೆ.